ಕೌಂಟರ್ ಇಲ್ಲದ ಅಂಗಡಿ

ಮಗಳ ಕಾಲೇಜಿನ ಫೀಸು ಕಟ್ಟಲು ಎರಡು ದಿನ ಉಳಿದಿತ್ತು. ನನ್ನ ನೋಟ್‌ಬುಕ್ಕಿನ ಪ್ರಕಾರ ದುಡ್ಡಿಗೆ ಕೊರತೆ ಇರಲಿಲ್ಲ. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಬೇರೆಯೇ ಲೆಕ್ಕ ಕಾಣಿಸಿತು. ನೋಟ್‌ಬುಕ್ಕಿಗೂ ಪಾಸ್‌ಬುಕ್ಕಿಗೂ 37,200 ರೂಪಾಯಿ ವ್ಯತ್ಯಾಸ. ಆ ರಾತ್ರಿ ಊಟದ ಮೇಜಿನ ಮೇಲೆ ಹದಿನಾಲ್ಕು ತಿಂಗಳ ಪುಟಗಳನ್ನು ಹರವಿಕೊಂಡು ಕೂತೆ. ಕಳವಾಗಿರಲಿಲ್ಲ, ಕೂಡಿದ್ದರಲ್ಲೂ ತಪ್ಪಿರಲಿಲ್ಲ. ಬರಬೇಕಾದ ದುಡ್ಡನ್ನು ನಾನು ಬಂದ ದುಡ್ಡು ಅಂತ ಬರೆಯುತ್ತಾ ಹೋಗಿದ್ದೆ.

ನಾನು ಮಾಡುವುದು ಹಳೆಯ ಎಚ್‌ಎಂಟಿ ವಾಚುಗಳ ರಿಪೇರಿ. ಜನತಾ, ಪೈಲಟ್, ಸೋನಾ, ಕೊಹಿನೂರ್, ಹೀಗೆ ದಿನಾ ಕೀ ಕೊಡಬೇಕಾದ ವಾಚುಗಳು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿಯ ವಾಚು ತಯಾರಿಕೆ ಆಮೇಲೆ ನಮ್ಮ ತುಮಕೂರಿಗೂ ಬಂತು. ಅಪ್ಪ ಅಲ್ಲಿ ಅಸೆಂಬ್ಲಿಯಲ್ಲಿದ್ದರು. ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಬಿ.ಎಚ್. ರಸ್ತೆಯ ಪಕ್ಕದ ಗಲ್ಲಿಯಲ್ಲಿ ಸಣ್ಣದೊಂದು ಅಂಗಡಿ ಇಟ್ಟರು. ಕಣ್ಣಿಗೆ ಲೂಪ್ ಸಿಕ್ಕಿಸಿಕೊಂಡು ಬ್ಯಾಲೆನ್ಸ್ ಚಕ್ರ ಎತ್ತುವುದನ್ನು ಅವರು ನನಗೆ ಕಲಿಸಿದ್ದು ಆ ಅಂಗಡಿಯಲ್ಲೇ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅಪ್ಪ ಆ ದಿನದ ಪೇಪರನ್ನು ಮಡಚಿ ಬೀರುವಿನಲ್ಲಿಟ್ಟಿದ್ದಾರೆ. ಅಲ್ಲಿಂದ ಈ ವಾಚುಗಳ ಮೇಲೆ ಜನರಿಗೆ ಪ್ರೀತಿ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಲಾಕ್‌ಡೌನ್ ಮುಗಿದ ಮೇಲೆ ಅಪ್ಪನ ಅಂಗಡಿಯ ಬಾಡಿಗೆ ಕಟ್ಟುವುದು ಕಷ್ಟವಾಯಿತು. ಅದನ್ನು ಬಿಟ್ಟು, ಇನ್‌ಸ್ಟಾಗ್ರಾಂ ಮತ್ತು ವಾಟ್ಸ್‌ಆ್ಯಪ್ ನಂಬಿಕೊಂಡು ನಾನು ಮನೆಯ ಹಿಂದಿನ ಕೋಣೆಯಲ್ಲಿ ಕೆಲಸ ಶುರು ಮಾಡಿದೆ. ಧಾರವಾಡ, ಕಾರವಾರ, ಮೈಸೂರು, ಆಮೇಲೆ ಪುಣೆ, ಚೆನ್ನೈಗಳಿಂದಲೂ ಪೋಸ್ಟಿನಲ್ಲಿ ವಾಚುಗಳು ಬರತೊಡಗಿದವು.

ಬರುವ ಪ್ರತಿ ಡಬ್ಬಿಯ ಜೊತೆ ಒಂದು ಕಥೆ ಇರುತ್ತಿತ್ತು. ತಂದೆಯ ಮದುವೆಯ ವಾಚು, ಅಣ್ಣನಿಗೆ ಮೊದಲ ಸಂಬಳ ಬಂದಾಗ ಕೊಂಡದ್ದು, ತಾತ ಕಣ್ಣು ಮುಚ್ಚುವಾಗ ಕೈಯಲ್ಲಿದ್ದದ್ದು. ಇಂಥ ವಾಚು ಕಳಿಸಿದವರ ಹತ್ತಿರ ಮೊದಲು ದುಡ್ಡಿನ ಮಾತು ಎತ್ತುವುದು ಹೇಗೆ? ಬಾಯಿ ಬರುತ್ತಿರಲಿಲ್ಲ. "ಮೊದಲು ವಾಚು ಕೈಗೆ ಸಿಗಲಿ, ನಾಲ್ಕು ದಿನ ಕಟ್ಟಿಕೊಂಡು ನೋಡಿ, ಸರಿಯಾಗಿ ಓಡಿದರೆ ದುಡ್ಡು ಹಾಕಿ" ಅನ್ನುತ್ತಿದ್ದೆ. ಅದನ್ನು ನಂಬಿಕೆ ಅಂದುಕೊಂಡಿದ್ದೆ.

ಆ ರಾತ್ರಿ ಎಣಿಸಿದಾಗ ಹದಿನಾಲ್ಕು ತಿಂಗಳಲ್ಲಿ 212 ವಾಚು ರಿಪೇರಿ ಮಾಡಿ ಕಳಿಸಿದ್ದೆ. 31 ವಾಚುಗಳ ದುಡ್ಡು ಬಂದಿರಲಿಲ್ಲ. ನೂರಕ್ಕೆ ಹದಿನೈದು, ಪರವಾಗಿಲ್ಲ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತು. ಆದರೆ ಒಂದು ವಾಚಿನ ಲೆಕ್ಕ ಬಿಡಿಸಿ ನೋಡಿ. ಪೂರ್ತಿ ಸರ್ವಿಸಿಗೆ ನಾನು ತೆಗೆದುಕೊಳ್ಳುತ್ತಿದ್ದದ್ದು 1,200 ರೂಪಾಯಿ. ಮೇನ್‌ಸ್ಪ್ರಿಂಗ್, ಗ್ಲಾಸು, ಎಣ್ಣೆ ಅಂತ ಸರಾಸರಿ 350 ಖರ್ಚು, ವಾಪಸು ಕಳಿಸಲು ಪ್ಯಾಕಿಂಗು, ಪೋಸ್ಟು ಸೇರಿ 120. ಅಂದರೆ 470 ರೂಪಾಯಿ ನನ್ನ ಕೈಯಿಂದ ಹೋಗುತ್ತದೆ. ಉಳಿಯುವ 730 ನನ್ನ ಅರ್ಧ ದಿನದ ಕೂಲಿ. ದುಡ್ಡು ಬಾರದ 31 ವಾಚುಗಳಿಗೆ ಕೈಯಿಂದ ಹಾಕಿದ್ದು 14,570 ರೂಪಾಯಿ. ಅದನ್ನು ತುಂಬಿಸಲು ಇನ್ನೂ 20 ವಾಚುಗಳ ಕೂಲಿ ಬೇಕು. 31 ವಾಚು ಪುಕ್ಕಟೆ ಮಾಡಿದ್ದು, 20 ವಾಚು ಆ ಗುಂಡಿ ಮುಚ್ಚಲು ಮಾಡಿದ್ದು, ಒಟ್ಟು 51. ನಾಲ್ಕು ವಾಚಿನಲ್ಲಿ ಹತ್ತಿರ ಹತ್ತಿರ ಒಂದಕ್ಕೆ ನನಗೆ ಕೂಲಿಯೇ ಸಿಕ್ಕಿರಲಿಲ್ಲ. ಸಣ್ಣ ಕಸುಬಿನಲ್ಲಿ ಬಾಕಿಯನ್ನು ಬಿಲ್ಲಿನ ಮೊತ್ತದಲ್ಲಿ ಅಳೆದರೆ ಪೆಟ್ಟು ಎಷ್ಟೆಂದು ತಿಳಿಯುವುದಿಲ್ಲ, ಕೂಲಿಯಲ್ಲಿ ಅಳೆಯಬೇಕು.

ಅಪ್ಪನಿಗೆ ಪುಟಗಳನ್ನು ತೋರಿಸಿದೆ. ಅವರು ಬಯ್ಯಲಿಲ್ಲ. "ಚೀಟಿ ಎಲ್ಲಮ್ಮಾ?" ಅಂದರು, ಅಷ್ಟೇ.

ಅವರ ಅಂಗಡಿಯಲ್ಲಿ ಚೀಟಿಯ ಪುಸ್ತಕ ಇತ್ತು. ವಾಚು ಕೊಟ್ಟವರಿಗೆ ಅರ್ಧ ಹರಿದು ಕೊಡುತ್ತಿದ್ದರು, ಇನ್ನರ್ಧವನ್ನು ವಾಚಿಗೆ ದಾರದಲ್ಲಿ ಕಟ್ಟುತ್ತಿದ್ದರು. ಚೀಟಿ ಮತ್ತು ದುಡ್ಡು ಕೌಂಟರಿನ ಮೇಲೆ ಬಂದ ಮೇಲೆ ವಾಚು ಆಚೆ ಬದಿಗೆ ಹೋಗುತ್ತಿತ್ತು. ಅಪ್ಪ ಜನರನ್ನು ನನಗಿಂತ ಕಡಿಮೆ ನಂಬುತ್ತಿದ್ದರು ಅಂತಲ್ಲ. ಕೊಡುವುದೂ ತೆಗೆದುಕೊಳ್ಳುವುದೂ ಒಂದೇ ನಿಮಿಷದಲ್ಲಿ ನಡೆಯುತ್ತಿದ್ದದ್ದರಿಂದ ನಂಬಬೇಕೋ ಬೇಡವೋ ಎಂಬ ಪ್ರಶ್ನೆಯೇ ಅಲ್ಲಿ ಏಳುತ್ತಿರಲಿಲ್ಲ. ನನ್ನ ಆನ್‌ಲೈನ್ ಅಂಗಡಿಗೆ ಕೌಂಟರ್ ಇಲ್ಲ. ವಾಚು ಹೊರಟ ದಿನಕ್ಕೂ ದುಡ್ಡು ಬರುವ ದಿನಕ್ಕೂ ನಡುವೆ ನಾಲ್ಕು ದಿನ, ನಾನೂರು ಕಿಲೋಮೀಟರ್. ಅಷ್ಟು ದೂರದಲ್ಲಿ ಒಳ್ಳೆಯವರೂ ಮರೆಯುತ್ತಾರೆ. ಚಿಕ್ಕಂದಿನಲ್ಲಿ ನಮ್ಮ ಮನೆಗೆ ಪುಸ್ತಕಗಳು ವಿ.ಪಿ.ಪಿ.ಯಲ್ಲಿ ಬರುತ್ತಿದ್ದವು. ಪೋಸ್ಟ್‌ಮ್ಯಾನ್ ಕೈಗೆ ದುಡ್ಡು ಕೊಟ್ಟರೆ ಪ್ಯಾಕೆಟ್ಟು, ಇಲ್ಲದಿದ್ದರೆ ಅದು ಬಂದ ದಾರಿಯಲ್ಲೇ ವಾಪಸು. ಅಂಚೆ ಇಲಾಖೆ ಕೌಂಟರನ್ನೇ ಹೊತ್ತು ತಂದು ಮನೆಯ ಬಾಗಿಲಲ್ಲಿ ಇಡುತ್ತಿತ್ತು. ಇದನ್ನೆಲ್ಲ ನೋಡಿ ಬೆಳೆದ ನನಗೆ ನನ್ನದೇ ಕಸುಬಿನಲ್ಲಿ ಅದು ಹೊಳೆಯಲಿಲ್ಲ.

ಮಾರನೇ ದಿನ ಆ 31 ವಾಚುಗಳನ್ನು ಕಳಿಸಿದ್ದವರಿಗೆಲ್ಲ ಮೆಸೇಜು ಬರೆದೆ. ಬೇಡಿಕೊಳ್ಳಲಿಲ್ಲ, ಸಿಟ್ಟೂ ತೋರಿಸಲಿಲ್ಲ. ವಾಚಿನ ಹೆಸರು, ಕಳಿಸಿದ ದಿನಾಂಕ, ಬಾಕಿ ಮೊತ್ತ, ಇಷ್ಟೇ. ವಾರದೊಳಗೆ 12 ವಾಚುಗಳ ದುಡ್ಡು ಬಂತು. ಒಬ್ಬ ನಿವೃತ್ತ ಮೇಷ್ಟ್ರು ಫೋನ್ ಮಾಡಿ ಎಷ್ಟು ನೊಂದುಕೊಂಡರೆಂದರೆ ನಾನೇ ಸಮಾಧಾನ ಮಾಡಬೇಕಾಯಿತು. "ನೀವು ಒಂದು ಮಾತು ನೆನಪು ಮಾಡಬಾರದಿತ್ತೇನಮ್ಮಾ, ನನ್ನನ್ನು ಸಾಲಗಾರ ಮಾಡಿ ಇಟ್ಟಿರಲ್ಲ" ಅಂದರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಕೇಳದೆ ಇದ್ದು ನಾನು ಅವರಿಗೆ ಗೌರವ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ. ಅವರಿಗೆ ಆದದ್ದು ಅವಮಾನ.

ಉಳಿದ 19 ವಾಚುಗಳವರಲ್ಲಿ ಕೆಲವರು ಉತ್ತರಿಸಲೇ ಇಲ್ಲ. ಒಬ್ಬ ಆಸಾಮಿ ಹಣ ಹಾಕಿದ ಸ್ಕ್ರೀನ್‌ಶಾಟ್ ಕಳಿಸಿದ. ಖಾತೆಯಲ್ಲಿ ನೋಡಿದರೆ ಬಂದಿರಲಿಲ್ಲ, ಚಿತ್ರ ತಯಾರಿಸಿದ್ದು. ಇನ್ನೊಬ್ಬ ಒಂದೊಂದಾಗಿ ಆರು ವಾಚು ಕಳಿಸಿದ್ದ. ಪ್ರತಿಯೊಂದಕ್ಕೂ ತಾತನ ಕಥೆ ಇತ್ತು. ಅದೇ ಆರು ವಾಚುಗಳು ನಾನು ತೆಗೆದ ಫೋಟೋಗಳ ಸಮೇತ, ಈಚೆಗೆ ಸರ್ವಿಸ್ ಆಗಿದೆ ಎಂಬ ಮಾತಿನ ಸಮೇತ ಮಾರಾಟಕ್ಕೆ ಇರುವುದನ್ನು ಮಗಳು ಫೋನಿನಲ್ಲಿ ತೋರಿಸಿದಳು. ಕೆಲಸ ಮಾಡಿದ ಕೂಲಿಗೆ ದಾವೆ ಹೂಡಲು ಕಾಲಮಿತಿ ಕಾಯ್ದೆಯಲ್ಲಿ 3 ವರ್ಷ ಅವಕಾಶ ಇದೆ. 1,200 ರೂಪಾಯಿಗೆ, 7,200ಕ್ಕೇ ಇರಲಿ, ಕೋರ್ಟು ಹತ್ತಿ ಇಳಿಯುವ ಶಕ್ತಿ ನನಗಿರಲಿಲ್ಲ.

ಪಕ್ಕದ ಬೀದಿಯ ವಕೀಲರೊಬ್ಬರು ಆಗ ಒಂದು ವಿಷಯ ತಿಳಿಸಿದರು. ರಿಪೇರಿ ಕಸುಬಿನವರೆಲ್ಲ ಇದನ್ನು ತಿಳಿದಿರಬೇಕು. 1872ರ ಭಾರತೀಯ ಕರಾರು ಕಾಯ್ದೆಯ 170ನೇ ಕಲಂ ಪ್ರಕಾರ, ನಮ್ಮ ಕೈಗೆ ಒಪ್ಪಿಸಿದ ವಸ್ತುವಿನ ಮೇಲೆ ದುಡಿಮೆ ಅಥವಾ ಕೌಶಲ ಹಾಕಿ ಕೆಲಸ ಮಾಡಿದ್ದರೆ, ಕೂಲಿ ಸಿಗುವವರೆಗೆ ಆ ವಸ್ತುವನ್ನು ಇಟ್ಟುಕೊಳ್ಳುವ ಹಕ್ಕು ನಮಗಿದೆ. ಕಾಯ್ದೆಯಲ್ಲೇ ಎರಡು ಉದಾಹರಣೆ ಇವೆ. ಒರಟು ವಜ್ರವನ್ನು ಕತ್ತರಿಸಿ ಹೊಳಪು ಕೊಟ್ಟ ಆಭರಣದವನು ಕೂಲಿ ಬರುವ ತನಕ ಕಲ್ಲನ್ನು ಇಟ್ಟುಕೊಳ್ಳಬಹುದು. ಆದರೆ ಕೋಟು ಹೊಲಿದ ಕೂಡಲೇ ಕೊಡುತ್ತೇನೆ, ದುಡ್ಡಿಗೆ ಮೂರು ತಿಂಗಳ ಉದ್ರಿ ಕೊಡುತ್ತೇನೆ ಎಂದು ಒಪ್ಪಿದ ದರ್ಜಿಗೆ ಆ ಹಕ್ಕಿಲ್ಲ. ಓದಿದಾಗ ಮೈ ಬೆವರಿತು. "ನಾಲ್ಕು ದಿನ ನೋಡಿ ದುಡ್ಡು ಹಾಕಿ" ಎಂದಾಗಲೆಲ್ಲ ನಾನು ಆ ದರ್ಜಿಯ ಜಾಗದಲ್ಲಿ ಹೋಗಿ ನಿಂತಿದ್ದೆ. ಕಾಯ್ದೆ ಕೊಟ್ಟ ಹಕ್ಕನ್ನು ಯಾರೂ ಕಿತ್ತುಕೊಂಡಿರಲಿಲ್ಲ, ನಾನೇ ಬಿಟ್ಟುಕೊಟ್ಟಿದ್ದೆ.

ಅಲ್ಲಿಂದ ವಾಚು ಹೊರಡುವ ಮೊದಲೇ ಪೂರ್ತಿ ದುಡ್ಡು ಅಂತ ಮಾಡಿದೆ. ಅದೂ ಸಾಲದಾಯಿತು. ರಿಪೇರಿ ಮುಗಿಸಿ ಮೊತ್ತ ಹೇಳಿದ ಮೇಲೆ ಒಂಬತ್ತು ಜನ ಮಾತು ನಿಲ್ಲಿಸಿಬಿಟ್ಟರು. ದುಡ್ಡೂ ಬರಲಿಲ್ಲ, ವಾಚು ಬೇಕು ಅಂತಲೂ ಹೇಳಲಿಲ್ಲ. ಆ ಕಲಂ ಕೊಡುವುದು ಇಟ್ಟುಕೊಳ್ಳುವ ಹಕ್ಕು ಮಾತ್ರ, ಮಾರಿ ಬಾಕಿ ಮುರಿದುಕೊಳ್ಳುವ ಹಕ್ಕಲ್ಲ. ಇಟ್ಟುಕೊಂಡದ್ದನ್ನು ನಮ್ಮ ಸ್ವಂತ ವಸ್ತುವಿನಷ್ಟೇ ಜೋಪಾನ ಮಾಡುವ ಹೊಣೆಯೂ ನಮ್ಮ ಮೇಲಿದೆ.

ಈಗ ನಡೆಯುತ್ತಿರುವುದು ಹೀಗೆ. ಡಬ್ಬಿ ಒಡೆಯುವುದನ್ನು ವಿಡಿಯೋ ಮಾಡಿ ಕಳಿಸುತ್ತೇನೆ. ವಾಚು ಬಿಚ್ಚಿ ನೋಡಿ ಏನು ಹೋಗಿದೆ, ಎಷ್ಟಾಗುತ್ತದೆ ಅಂತ ಬರೆಯುತ್ತೇನೆ. ಅವರು ಒಪ್ಪಿಗೆ ಬರೆದು, ಸಾಮಾನಿನ ದುಡ್ಡು ಮತ್ತು ಪೋಸ್ಟಿನ ದುಡ್ಡು ಹಾಕಿದ ಮೇಲೆಯೇ ಕೆಲಸಕ್ಕೆ ಕೈ ಹಾಕುವುದು. ವಾಚು ಸರಿಯಾದ ಮೇಲೆ ಅದು ಓಡುವ ವಿಡಿಯೋ, ಆಮೇಲೆ ಬಾಕಿ ಕೂಲಿ, ಆಮೇಲೆ ಪೋಸ್ಟ್ ಆಫೀಸು. ಸ್ಕ್ರೀನ್‌ಶಾಟ್ ನೋಡುವುದನ್ನೇ ಬಿಟ್ಟಿದ್ದೇನೆ, ನನ್ನ ಖಾತೆಯಲ್ಲಿ ದುಡ್ಡು ಕಾಣಬೇಕು. ದುಡ್ಡು ಕಳಿಸಿದ್ದೇನೆ, ಪಿನ್ ಒತ್ತಿ ಅನ್ನುವವರ ಫೋನನ್ನು ಅಲ್ಲಿಗೇ ಇಡುತ್ತೇನೆ. ಯುಪಿಐಯಲ್ಲಿ ದುಡ್ಡು ಬರಲು ನಾವು ಪಿನ್ ಒತ್ತಬೇಕಾಗಿಲ್ಲ. ನೋಟ್‌ಬುಕ್ಕಿನಲ್ಲಿ ಈಗ ಬಂದದ್ದಕ್ಕೊಂದು ಪುಟ, ಬರಬೇಕಾದದ್ದಕ್ಕೊಂದು ಪುಟ.

ಮೊದಲ ಸಲ ಮುಂಗಡ ಕೇಳಿದ್ದು ಧಾರವಾಡದ ಹಿರಿಯರೊಬ್ಬರನ್ನು. ಮೂರು ಸಲ ಬರೆದು ಅಳಿಸಿ, ಕೊನೆಗೆ ಫೋನ್ ಮಾಡಿದೆ. ಸುತ್ತಿ ಬಳಸಿ ಹೇಳಿ ಮುಗಿಸುವಷ್ಟರಲ್ಲಿ ಅವರು ನಗುತ್ತಿದ್ದರು. "ಅಲ್ಲ ತಂಗಿ, ಇಷ್ಟ ಕೇಳಾಕ ಇಷ್ಟ್ಯಾಕ ಸಂಕೋಚ? ನಮ್ಮೂರ ಟೇಲರ್ ಸೈತ ಅಡ್ವಾನ್ಸ್ ಇಸಗೊಂಡ ಅರಿವಿಗೆ ಕತ್ರಿ ಹಾಕತಾನ" ಅಂದರು. ಫೋನ್ ಇಡುವ ಮೊದಲೇ ದುಡ್ಡು ಬಂದಿತ್ತು.

ಮುಂಗಡ ಅಂದ ಕೂಡಲೇ ವಾಚು ವಾಪಸು ಕಳಿಸಿ ಅಂದವರೂ ಇದ್ದಾರೆ. ಕಳಿಸಿದ್ದೇನೆ. ಕೆಲಸ ಮೊದಲಿಗಿಂತ ಸ್ವಲ್ಪ ಕಡಿಮೆಯಾಗಿದೆ, ಕೈಗೆ ಬರುವ ದುಡ್ಡು ಹೆಚ್ಚಾಗಿದೆ. ನಿಜವಾಗಿಯೂ ಕೊಡಲಾಗದವರಿಗೆ ತಿಂಗಳಿಗೊಂದು ವಾಚು ಪುಕ್ಕಟೆ ಮಾಡುತ್ತೇನೆ. ಅದನ್ನು ಮೊದಲೇ ಧರ್ಮದ ಲೆಕ್ಕದಲ್ಲಿ ಬರೆದಿಡುತ್ತೇನೆ, ಬಾಕಿಯ ಪುಟದಲ್ಲಿ ಅಲ್ಲ. ಅದನ್ನು ಮಾಡುವಾಗ ಮನಸ್ಸಿಗೆ ಹಿತವಾಗಿರುತ್ತದೆ. ಆ 31 ವಾಚುಗಳ ವಿಷಯದಲ್ಲಿ ಆ ಹಿತವೂ ನನಗೆ ಸಿಕ್ಕಿರಲಿಲ್ಲ.

ಆ ಒಂಬತ್ತು ವಾಚುಗಳು ಇನ್ನೂ ಅಪ್ಪನ ಬೀರುವಿನಲ್ಲಿವೆ. ನಾಲ್ಕು ಜನತಾ, ಎರಡು ಪೈಲಟ್, ಎರಡು ಸೋನಾ, ಒಂದು ಕೊಹಿನೂರ್. ಒಂದೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿದೆ. ಎಣ್ಣೆ ಗಟ್ಟಿಯಾಗದಿರಲಿ ಅಂತ ಪ್ರತಿ ತಿಂಗಳ ಮೊದಲ ಭಾನುವಾರ ಕೀ ಕೊಡುತ್ತೇನೆ. ನಿಮ್ಮ ಮನೆಯ ವಾಚೋ, ರೇಡಿಯೋವೋ, ಹೊಲಿಗೆ ಯಂತ್ರವೋ ರಿಪೇರಿಗೆಂದು ಹೋಗಿ ಮರಳದೆ ಇದ್ದರೆ, ದಯವಿಟ್ಟು ಅವರಿಗೆ ಈ ವಾರವೇ ಒಂದು ಫೋನ್ ಮಾಡಿ.