ಜ್ವರ ನೆತ್ತಿಗೇರಿದಾಗ: ಹೊತ್ತನ್ನು ಗೆಲ್ಲುವ ಸೂತ್ರಗಳು

ಮಳೆಗಾಲಕ್ಕೆ ಡೆಂಗಿ, ಇಲಿ ಜ್ವರ. ಬೇಸಿಗೆ ಹತ್ತಿರವಾದರೆ ಮಂಗನ ಕಾಯಿಲೆ. ಶಿವಮೊಗ್ಗ, ಭದ್ರಾವತಿಯವರಿಗೆ ಜ್ವರ ಹೊಸದಲ್ಲ. ‘ಮೂರು ದಿನ ನೋಡೋಣ’ ಅನ್ನುವ ರೂಢಿಯೂ ಹಳೆಯದೇ. ಮಿದುಳಿನ ಪೊರೆಗೆ ಸೋಂಕು ತಗುಲಿ ಬರುವ ಮೆನಿಂಜೈಟಿಸ್ ಮಾತ್ರ ಒಂದೇ ದಿನದಲ್ಲಿ ಜೀವ ತೆಗೆಯಬಲ್ಲದು. ಬ್ಯಾಕ್ಟೀರಿಯಾದಿಂದ ಬಂದರೆ ಆರು ಜನರಲ್ಲಿ ಒಬ್ಬರು ಉಳಿಯುವುದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

1. ನಾಲ್ಕರಲ್ಲಿ ಎರಡು ಕಂಡರೆ ಹೊರಡಿ. ಜ್ವರ, ವಿಪರೀತ ತಲೆನೋವು, ಬಿಗಿದ ಕತ್ತು, ಮಂಕು ಅಥವಾ ಅಸಂಬದ್ಧ ಮಾತು. ಗಲ್ಲವನ್ನು ಎದೆಗೆ ತಾಗಿಸಲು ಹೇಳಿ ನೋಡಿ. ಕತ್ತು ಸಲೀಸಾಗಿ ಬಗ್ಗಿತೆಂದು ನಿರಾಳರಾಗಬೇಡಿ. ನಾಲ್ಕೂ ಕೂಡಿ ಬರುವವರೆಗೆ ಕಾಯುವುದಂತೂ ಬೇಡವೇ ಬೇಡ.

2. ಕೂಸಿನ ನೆತ್ತಿ ಮುಟ್ಟಿ ನೋಡಿ. ಎಳೆಮಕ್ಕಳಲ್ಲಿ ಕತ್ತು ಬಿಗಿಯದೇ ಇರಬಹುದು, ಜ್ವರವೂ ಇಲ್ಲದಿರಬಹುದು. ಅಳದಿದ್ದಾಗಲೂ ಉಬ್ಬಿದ ನೆತ್ತಿ, ಹಾಲು ಬಿಡುವುದು, ಎತ್ತಿಕೊಂಡರೆ ಇನ್ನೂ ಕಿರುಚುವುದು, ಕೈಕಾಲು ಜೋತು ಬೀಳುವುದು: ಇವೇ ಗುರುತು.

3. ಕೆಂಪು ಅಥವಾ ನೇರಳೆ ಚುಕ್ಕೆಗಳ ಮೇಲೆ ಗಾಜಿನ ಲೋಟ ಒತ್ತಿ. ಮಾಯವಾಗದಿದ್ದರೆ ರಕ್ತಕ್ಕೂ ನಂಜು ಏರಿರಬಹುದು. ನಮ್ಮ ಮೈಬಣ್ಣದಲ್ಲಿ ಚುಕ್ಕೆ ಬೇಗ ಕಾಣದು. ಅಂಗೈ, ಅಂಗಾಲು, ಕಣ್ಣರೆಪ್ಪೆಯ ಒಳಭಾಗ ನೋಡಿ.

4. 108ಕ್ಕೆ ಕರೆ ಮಾಡಿ, ಕೈಗೆ ಕಬ್ಬಿಣ ಕೊಡಬೇಡಿ. ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಕೊರಳಿನ ಬಟ್ಟೆ ಸಡಿಲಿಸಿ, ಗಡಿಯಾರ ನೋಡಿಕೊಳ್ಳಿ. ಬೀಗದ ಕೈ, ಈರುಳ್ಳಿ, ಹಲ್ಲಿನ ನಡುವೆ ಚಮಚ ಯಾವುದೂ ಬೇಡ. ಮಂಕಾದವರ ಬಾಯಿಗೆ ನೀರನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿದೀತು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಆಂಟಿಬಯಾಟಿಕ್ ನುಂಗಿಸಿದರೆ ಕಾಯಿಲೆ ವಾಸಿಯಾಗದು, ಪರೀಕ್ಷೆಯಲ್ಲಿ ರೋಗಾಣು ಮಾತ್ರ ಸಿಗದೆ ಹೋದೀತು.

5. ಹತ್ತಿರದ ಆಸ್ಪತ್ರೆಗೇ ಮೊದಲು. ಭದ್ರಾವತಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಸುಮಾರು 20 ಕಿ.ಮೀ. ತಾಲ್ಲೂಕು ಆಸ್ಪತ್ರೆಯಲ್ಲೇ ‘ಆಂಟಿಬಯಾಟಿಕ್ ಮೊದಲ ಇಂಜೆಕ್ಷನ್ ಇಲ್ಲೇ ಕೊಡ್ತೀರಾ ಡಾಕ್ಟ್ರೇ?’ ಎಂದು ಕೇಳಿ. ಹೊರಡುವ ಮೊದಲು ಕೊಟ್ಟ ಔಷಧದ ಹೆಸರು, ಹೊತ್ತು ಬರೆಸಿಕೊಳ್ಳಿ.

6. ಬೆನ್ನಿನ ನೀರು ತೆಗೆಯಲು ಒಪ್ಪಿ. ಸೊಂಟ ಬಿದ್ದುಹೋಗುತ್ತದೆಂಬ ಭಯಕ್ಕೆ ಎಷ್ಟೋ ಮನೆಯವರು ಸಹಿ ಹಾಕದೆ ಕೂರುತ್ತಾರೆ. ಸೂಜಿ ಚುಚ್ಚುವುದು ಬೆನ್ನುಹುರಿ ಮುಗಿದ ಜಾಗದ ಕೆಳಗೆ. ಒಂದೆರಡು ದಿನ ತಲೆನೋವು ಇರಬಹುದು. ಬ್ಯಾಕ್ಟೀರಿಯಾವೋ, ವೈರಸ್ಸೋ, ಕ್ಷಯವೋ ಎಂದು ತಿಳಿಯಲು ಈ ನೀರೇ ಮುಖ್ಯ ದಾರಿ. ಮದ್ದು ಮೂರಕ್ಕೂ ಬೇರೆ ಬೇರೆ. ಕ್ಷಯದ್ದು ಮಾತ್ರ ಮೆಲ್ಲಗೆ ಬರುತ್ತದೆ: ವಾರಗಟ್ಟಲೆ ಸಣ್ಣ ಜ್ವರ, ತಲೆನೋವು, ತೂಕ ಇಳಿಕೆ.

7. ಕಾಡಿಗೆ ಹೋಗಿದ್ದರೆ ಮುಚ್ಚಿಡಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯಲ್ಲಿ ಜ್ವರ ಬಿಟ್ಟು ವಾರ, ಎರಡು ವಾರದ ಮೇಲೆ ಕೆಲವರಿಗೆ ಮತ್ತೆ ಜ್ವರ ಬಂದು ಕತ್ತು ಬಿಗಿಯುತ್ತದೆ. ಸೌದೆ, ದರಗು, ಸತ್ತ ಮಂಗ, ಉಣ್ಣೆ ಕಡಿತ ಎಲ್ಲ ಹೇಳಿ.

8. ಮೆನಿಂಜೈಟಿಸ್ ತಡೆಗೆ ನೆರವಾಗುವ ಮಕ್ಕಳ ಲಸಿಕೆ ತಪ್ಪಿಸಬೇಡಿ. ಪೆಂಟಾವೇಲೆಂಟ್ 6, 10, 14ನೇ ವಾರ. ಪಿಸಿವಿ (ನ್ಯುಮೋಕಾಕಲ್ ಲಸಿಕೆ) 6, 14ನೇ ವಾರ ಮತ್ತು 9ನೇ ತಿಂಗಳು. ಸರ್ಕಾರಿ ಆಸ್ಪತ್ರೆಯಲ್ಲಿ ಎರಡೂ ಉಚಿತ.

9. ಗುಣವಾದ ಮಗುವಿನ ಕಿವಿ ಪರೀಕ್ಷೆ ಮಾಡಿಸಿ. ಈ ಕಾಯಿಲೆಯಿಂದ ಕಿವುಡು ಬರಬಹುದು, ಪರೀಕ್ಷೆಗೆ ನಾಲ್ಕು ವಾರ ದಾಟಬಾರದು. ಕಿವಿಯ ಒಳಗಿನ ಶಂಖ ಗಟ್ಟಿಯಾಗಿಬಿಟ್ಟರೆ ಕಾಕ್ಲಿಯರ್ ಇಂಪ್ಲಾಂಟ್ ಕೂರಿಸುವುದೂ ಕಷ್ಟ.