ಈಕ್ವಲೈಜರ್ ನಂತರವೂ ದನಿ ಬೇರೆ ಏಕೆ?

ಪ್ರಶ್ನೆ: ಅಗ್ಗದ ಎರಡು ಇನ್-ಇಯರ್ ಹೆಡ್‌ಫೋನ್‌ಗಳನ್ನು ಈಕ್ವಲೈಜರ್‌ನಿಂದ ಒಂದೇ ಆವರ್ತನ ಗ್ರಾಫಿಗೆ ತಂದರೂ ದನಿ ಬೇರೆ ಕೇಳುತ್ತದೆ. ಯಾವುದನ್ನು ಇಟ್ಟುಕೊಳ್ಳಲಿ?

ಉತ್ತರ: ಗ್ರಾಫ್ ಅಳೆದದ್ದು ಕೃತಕ ಕಿವಿಯಲ್ಲಿ. ಸುಮಾರು 8 ಕಿಲೋಹರ್ಟ್ಸ್‌ನ ಮೇಲಿನ ಏರಿಳಿತ ಕಿವಿನಾಳದ ಆಕಾರ, ಟಿಪ್ (ಹೆಡ್‌ಫೋನ್‌ನ ಮೆದು ತುದಿ) ಒಳಹೋದ ಆಳ ಇವುಗಳಿಂದ ಬದಲಾಗುತ್ತದೆ. ಅದನ್ನು ಗ್ರಾಫ್ ನೋಡಿ ತಿದ್ದುವುದು ಬಹುಪಾಲು ವ್ಯರ್ಥ. ಮೊದಲು ಬಿಗಿಯಾಗಿ ಕೂರುವ ಟಿಪ್ ಬೇಕು. ಗಾಳಿ ಸೋರಿದರೆ ಬಾಸ್ ಕುಸಿಯುತ್ತದೆ. ಈಕ್ವಲೈಜರ್‌ನಲ್ಲಿ ಒಂದು ಬ್ಯಾಂಡನ್ನು 6 ಡೆಸಿಬಲ್ ಏರಿಸಿದರೆ ಅದರ ಪ್ರಿಆಂಪ್ (ಒಟ್ಟು ಮಟ್ಟ) ಅನ್ನು ಅಷ್ಟೇ ಇಳಿಸಬೇಕು, ಇಲ್ಲವಾದರೆ ದನಿ ಒಡೆಯಬಹುದು. ಹೋಲಿಸುವಾಗ ದನಿಮಟ್ಟ ಒಂದೇ ಇರಲಿ: 1 ಡೆಸಿಬಲ್ ಜೋರಾದದ್ದೂ ‘ಉತ್ತಮ’ ಎನಿಸಿಬಿಡುತ್ತದೆ. ಆಮೇಲೂ ಸಮಸಮವಾದರೆ ಕಿವಿಗೆ ಹಿತವಾದದ್ದೇ ಸರಿಯಾದ ಆಯ್ಕೆ. ಎಡಬಲ ಹೊಂದದ ಜೋಡಿಯನ್ನು ವಾರಂಟಿಯಲ್ಲಿ ಬದಲಿಸುವುದು ಲೇಸು. ಹೆಡ್‌ಫೋನ್ ತೆಗೆದ ಮೇಲೂ ಕಿವಿಯಲ್ಲಿ ಗುಂಯ್‌ಗುಟ್ಟುವಿಕೆ ಉಳಿದರೆ ಇಎನ್‌ಟಿ ವೈದ್ಯರನ್ನು ಕಾಣಬೇಕು.