ಕಡಲ ನಡುವೆ ನಿಲ್ಲದ ಎಂಜಿನ್

ಅಕ್ಕತಂಗಿಯರೇ, ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರ. ಇವು ನಮ್ಮ ಕರಾವಳಿಯ ಊರುಗಳು. ಹಿಂದೆ ಇಲ್ಲಿ ಹುಟ್ಟು ಹಾಕಿ ನಾಡದೋಣಿ ನಡೆಸುತ್ತಿದ್ದರು. ಗಾಳಿ ಇದ್ದರೆ ಹಾಯಿ ಕಟ್ಟುತ್ತಿದ್ದರು. ಈಗ ಅನೇಕ ದೋಣಿಗಳ ಹಿಂದೆ ಎಂಜಿನ್ ಇದೆ. ಅದಕ್ಕೆ ಔಟ್‌ಬೋರ್ಡ್ ಎಂಜಿನ್ ಎನ್ನುತ್ತಾರೆ.

"ಎಂಜಿನ್ ವಿಷಯ ನಮಗ್ಯಾಕೆ? ಅದು ಗಂಡಸರದ್ದು" ಅಂತೀರಾ? ಎಂಜಿನ್ನಿಗೆ ಮಾಡಿದ ಸಾಲ ತೀರುವುದು ನೀವು ಮೀನು ಮಾರಿದ ಹಣದಿಂದ. ಅಳಿವೆ ಬಾಯಲ್ಲಿ ತೆರೆ ಎದ್ದಾಗ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ. ಮಗುಚಲೂಬಹುದು. ದಡದಲ್ಲಿ ದಾರಿ ಕಾಯುವವರು ನೀವೇ ಅಲ್ಲವೇ? ಆದ್ದರಿಂದ ತಿಳಿದುಕೊಳ್ಳೋಣ.

ಎಂಜಿನ್ನಿಗೆ ಎರಡು ಗುಣ ಬೇಕು. ಒಂದು, ಶಕ್ತಿ. ಇನ್ನೊಂದು, ಕೈಕೊಡದೆ ಓಡುವ ಗುಣ. ಬರೀ ಶಕ್ತಿ ಇದ್ದರೆ ಸಾಲದು.

ಯಾವಾಗಲೂ ಘಾಟಿ ಏರುವ ಎಂಜಿನ್

ಲಾರಿ ಘಾಟಿ ಏರುವಾಗ ಎಂಜಿನ್ ದುಡಿಯುತ್ತದೆ. ಇಳಿಯುವಾಗ ಅದಕ್ಕೆ ವಿಶ್ರಾಂತಿ. ಆದರೆ ನೀರಿನಲ್ಲಿ ಇಳಿಜಾರು ಎಲ್ಲಿದೆ? ದೋಣಿಯನ್ನು ನೀರು ತಡೆಯುತ್ತಲೇ ಇರುತ್ತದೆ. ದೋಣಿಯ ಎಂಜಿನ್ ದಿನವಿಡೀ ಘಾಟಿ ಏರಿದ ಹಾಗೆ. ದುಡಿದಷ್ಟೂ ಬಿಸಿ. ಆ ಬಿಸಿಯೇ ಅದರ ಮೊದಲ ಶತ್ರು. ಉಪ್ಪು ಎರಡನೆಯ ಶತ್ರು.

ಎಂಜಿನ್ ಕಟ್ಟುವವರು ಇವೆರಡಕ್ಕೂ ಉಪಾಯ ಮಾಡಿದ್ದಾರೆ. ಅದನ್ನು ಕಾಪಾಡುವುದು ನಮ್ಮ ಕೆಲಸ.

1. ತಂಪು: ಎಂಜಿನ್ನಿನ ಕೆಳಗೆ ಪುಟ್ಟ ಪಂಪು ಇದೆ. ಅದರೊಳಗೆ ರಬ್ಬರಿನ ಚಕ್ರ ಇದೆ. ಅದು ಕಡಲ ನೀರನ್ನು ಮೇಲೆತ್ತಿ ಎಂಜಿನ್ನನ್ನು ತಂಪು ಮಾಡುತ್ತದೆ. ಆಮೇಲೆ ನೀರು ಸಣ್ಣ ಧಾರೆಯಾಗಿ ಹೊರಗೆ ಬೀಳುತ್ತದೆ. ಧಾರೆ ನಿಂತರೆ ಎಂಜಿನ್ನನ್ನು ಕೂಡಲೇ ನಿಲ್ಲಿಸಬೇಕು. ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿರಬಹುದು. ರಬ್ಬರು ಸವೆದಿರಬಹುದು.

2. ಆಯಿಲ್: ಎರಡು ಸ್ಟ್ರೋಕಿನ ಎಂಜಿನ್ನಿಗೆ ಆಯಿಲನ್ನು ಪೆಟ್ರೋಲಿಗೇ ಬೆರೆಸುತ್ತಾರೆ. ಆಯಿಲ್ ಕಡಿಮೆಯಾದರೆ ಒಳಗಿನ ಲೋಹ ಉಜ್ಜಿ ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಹೊಗೆ, ಮಸಿ. ಅನೇಕ ಪೆಟ್ರೋಲ್ ಎಂಜಿನ್ನುಗಳಿಗೆ 50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್. ಅಂದರೆ 1 ಲೀಟರಿಗೆ 20 ಮಿಲಿಲೀಟರ್. ಸೀಮೆಎಣ್ಣೆ ಎಂಜಿನ್ನಿಗೆ ಅಳತೆ ಬೇರೆ. ನಿಮ್ಮ ಎಂಜಿನ್ನಿನ ಪುಸ್ತಕದಲ್ಲಿರುವ ಅಳತೆಯೇ ಸರಿ. ಕಣ್ಣಂದಾಜು ಬೇಡ.

3. ಶುದ್ಧ ಎಣ್ಣೆ: ಪೆಟ್ರೋಲು, ಸೀಮೆಎಣ್ಣೆ ನೀರಿಗಿಂತ ಹಗುರ. ಕ್ಯಾನಿನಲ್ಲಿ ನೀರು ಸೇರಿದ್ದರೆ ಅದು ತಳಕ್ಕೆ ಇಳಿಯುತ್ತದೆ. ತಳದ ನೀರು ಎಂಜಿನ್ನಿಗೆ ಹೋದರೆ ಎಂಜಿನ್ ನಿಲ್ಲುತ್ತದೆ. ಆದ್ದರಿಂದ ಸೋಸಿಯೇ ಹಾಕಬೇಕು. ಸೀಮೆಎಣ್ಣೆ ಎಂಜಿನ್ನನ್ನು ಪೆಟ್ರೋಲಿನಲ್ಲಿ ಶುರು ಮಾಡುತ್ತಾರೆ. ನಿಲ್ಲಿಸುವ ಮುಂಚೆಯೂ ಸ್ವಲ್ಪ ಹೊತ್ತು ಪೆಟ್ರೋಲಿನಲ್ಲೇ ಓಡಿಸಬೇಕು. ಇಲ್ಲದಿದ್ದರೆ ಮರುದಿನ ಶುರುವಾಗಲು ಸತಾಯಿಸುತ್ತದೆ.

4. ಪ್ರೊಪೆಲ್ಲರ್: ಇದು ನೀರನ್ನು ಹಿಂದಕ್ಕೆ ತಳ್ಳುವ ಫ್ಯಾನು. ಇದು ದೋಣಿಯ ಭಾರಕ್ಕೆ ಸರಿಹೊಂದಬೇಕು. ಹೊಂದದಿದ್ದರೆ ಎಂಜಿನ್ ಏದುಸಿರು ಬಿಡುತ್ತದೆ. ಎಣ್ಣೆ ದಂಡ, ಆಯುಷ್ಯವೂ ಕಡಿಮೆ.

5. ಉಪ್ಪು: ದಡಕ್ಕೆ ಬಂದ ಮೇಲೆ ಡ್ರಮ್ಮಿನ ಸಿಹಿನೀರಿನಲ್ಲಿ ಎಂಜಿನ್ನಿನ ಕೆಳಭಾಗ ಮುಳುಗಿಸಬೇಕು. ಗೇರ್ ಹಾಕದೆ ನಿಧಾನವಾಗಿ ಓಡಿಸಬೇಕು. ಒಳಗಿನ ಉಪ್ಪು ತೊಳೆದುಹೋಗುತ್ತದೆ. ಬೇಸಿಗೆಯಲ್ಲಿ ಒಂದು ಡ್ರಮ್ ಸಿಹಿನೀರು ತರುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತು. ಆದರೆ ಹೊಸ ಎಂಜಿನ್ನಿನ ಸಾಲ ಅದಕ್ಕಿಂತ ಭಾರ. ಎಂಜಿನ್ನಿನ ಕೆಳಗೆ ಸತುವಿನ ತುಂಡೂ ಇರುತ್ತದೆ. ಅದು ತಾನು ಸವೆದು ಉಳಿದ ಲೋಹವನ್ನು ಉಳಿಸುತ್ತದೆ. ಅದಕ್ಕೆ ಬಣ್ಣ ಬಳಿಯಬಾರದು. ಸವೆದರೆ ಬದಲಿಸಬೇಕು.

ಲೆಕ್ಕ ಬರೆದ ಬೆಸ್

ಇಂಥ ಎಂಜಿನ್ ಮೊದಲೇ ಇತ್ತು. ಆದರೆ ಅದನ್ನು ಜನರ ಕೈಗೆ ಮುಟ್ಟಿಸಿದವರಲ್ಲಿ ಓಲೆ ಎವಿನ್‌ರೂಡ್ ಮುಖ್ಯ. ಅವರು ನಾರ್ವೆ ದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದವರು. 1909ರಲ್ಲಿ ತಮ್ಮ ಎಂಜಿನ್ ಮಾರಲು ಶುರು ಮಾಡಿದರು. ಅದರ ಶಕ್ತಿ ಒಂದೂವರೆ ಕುದುರೆಬಲ. ತೂಕ ಸುಮಾರು 28 ಕಿಲೋ. ಓಲೆ ಎಂಜಿನ್ ಕಟ್ಟಿದರು. ಅವರ ಹೆಂಡತಿ ಬೆಸ್ ಲೆಕ್ಕ ಬರೆದರು, ಪತ್ರ ಬರೆದರು. "ಇನ್ನು ಹುಟ್ಟು ಹಾಕುವುದು ಬೇಡ" ಎಂದು ಪತ್ರಿಕೆಗೆ ಜಾಹೀರಾತನ್ನೂ ಬರೆದರು. ಎಂಜಿನ್ನಿಗೆ ಬೇಡಿಕೆ ಬಂತು.

ನಿಮಗೂ ಈಗ ಅಕ್ಷರ ಬರುತ್ತದೆ. ಎಂಜಿನ್ನಿಗೊಂದು ಪುಸ್ತಕ ಇಡಿ. ದಿನಾಂಕ, ಹಾಕಿದ ಎಣ್ಣೆ, ಬೆರೆಸಿದ ಆಯಿಲ್, ಬದಲಿಸಿದ ಸಾಮಾನು, ಕೊಟ್ಟ ಹಣ ಬರೆಯಿರಿ. ರಬ್ಬರಿನ ಚಕ್ರ ಹಾಕಿ ಎಷ್ಟು ದಿನವಾಯಿತು? ಪುಸ್ತಕ ಹೇಳುತ್ತದೆ. ಎಣ್ಣೆ ದಿಢೀರನೆ ಹೆಚ್ಚು ಖರ್ಚಾಗುತ್ತಿದೆಯಾ? ಅದನ್ನೂ ಹೇಳುತ್ತದೆ. ಆಗ ದಡದಲ್ಲಿರುವಾಗಲೇ ಮೆಕ್ಯಾನಿಕ್‌ಗೆ ತೋರಿಸಬಹುದು.

ಒಂದು ಮಾತು. ಎಂಜಿನ್ ಎಷ್ಟೇ ಚೆನ್ನಾಗಿರಲಿ, ದೋಣಿಯಲ್ಲಿ ಹುಟ್ಟು ಇರಲೇಬೇಕು. ಲೈಫ್ ಜಾಕೆಟ್ ಇರಲೇಬೇಕು.

ಉತ್ತರ ಹೇಳಿ, ಬರೆಯಿರಿ
1. ದೋಣಿಯ ಎಂಜಿನ್ ಲಾರಿಯ ಎಂಜಿನ್ನಿಗಿಂತ ಹೆಚ್ಚು ದುಡಿಯುವುದು ಏಕೆ?
2. ನೀರಿನ ಧಾರೆ ನಿಂತರೆ ಏನು ಮಾಡಬೇಕು?
3. 1 ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಆಯಿಲ್ ಆದರೆ, 10 ಲೀಟರಿಗೆ ಎಷ್ಟು?
4. ಎಂಜಿನ್ ಪುಸ್ತಕದ ಮೊದಲ ಸಾಲನ್ನು ಇಂದೇ ಬರೆಯಿರಿ.